ಪ್ರಸಾದವೂ ಪದವಿಯೂ

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಹಬ್ಬಿರುವ ನಾಡು ಬಹುಕಾಲ ಮಳೆಯನ್ನೇ ನಂಬಿ ಬಾಳಿದ ನಾಡು. ಹರವೆ ಹೋಬಳಿಯ ಹೊಲಗಳಲ್ಲಿ ರಾಗಿ, ಜೋಳ, ಹುರುಳಿಗಳೇ ಮುಖ್ಯ ಫಸಲಾಗಿದ್ದ ದಿನಗಳಲ್ಲಿ ಕಣದಲ್ಲಿ ಬಿದ್ದ ರಾಶಿ ನೇರವಾಗಿ ಮನೆಯ ಹಗೇವಿಗೆ ಹೋಗುತ್ತಿರಲಿಲ್ಲ. ಮೊದಲು ರಾಶಿಗೆ ಪೂಜೆ. ಆಮೇಲೆ ಬಡಗಿ, ಕಮ್ಮಾರ, ಅಗಸ ಮೊದಲಾದ ಆಯಗಾರರ ಪಾಲು. ಅದರ ಜೊತೆಗೇ ಮಠದ ಜೋಳಿಗೆಗೆ ಒಂದಿಷ್ಟು, ಮಾದಪ್ಪನ ಕಥೆಯನ್ನು ಹಾಡುವ ದೇವರಗುಡ್ಡನಿಗೆ ಒಂದು ಮೊರ, ಮಂಟೇಸ್ವಾಮಿಯ ನೀಲಗಾರನಿಗೆ ಒಂದು ಮೊರ. ಬೆಳೆ ಸೊರಗಿದ ವರ್ಷ ಮೊರದಲ್ಲಿ ಬೀಳುವ ಕಾಳು ಕಡಿಮೆಯಾದೀತು. ಮೊರವನ್ನೇ ಹಿಂದಕ್ಕೆ ಕಳುಹಿಸುವ ಪದ್ಧತಿ ಇರಲಿಲ್ಲ.

ಈ ನೀಲಗಾರರೂ ದೇವರಗುಡ್ಡರೂ ಬರಿಯ ಭಿಕ್ಷುಕರಲ್ಲ. ಅವರಿಗೆ ದೀಕ್ಷೆಯುಂಟು, ಗುರುಮನೆಯುಂಟು, ವರ್ಷಗಟ್ಟಲೆಯ ಅಭ್ಯಾಸವುಂಟು. ತಂಬೂರಿ, ಗಗ್ಗರ, ಡಕ್ಕೆಗಳ ನಾದದಲ್ಲಿ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ದೀರ್ಘವಾದ ಕಾವ್ಯವನ್ನು ಅಕ್ಷರದ ಹಂಗಿಲ್ಲದೆ ನಾಲಗೆಯ ಮೇಲೆ ಹೊತ್ತವರು ಅವರು. ಇದನ್ನು ಉಚ್ಚ ಶಿಕ್ಷಣವೆಂದು ಒಪ್ಪಿಕೊಳ್ಳಲು ವಿಶ್ವವಿದ್ಯಾನಿಲಯಗಳಿಗೆ ಬಹಳ ಕಾಲ ಹಿಡಿಯಿತು. ಕೊನೆಗೆ ಅದೇ ವಿಶ್ವವಿದ್ಯಾನಿಲಯಗಳ ಪಂಡಿತರು ಧ್ವನಿಮುದ್ರಣ ಯಂತ್ರಗಳನ್ನು ಹೊತ್ತುಕೊಂಡು ಇವರ ಮನೆಬಾಗಿಲಿಗೆ ಬಂದರು; ಇವರ ಹಾಡುಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪದವಿಯನ್ನೂ ಪಡೆದರು! ಅದಿರಲಿ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ನೀಲಗಾರನು ಕಲಿತ ವಿದ್ಯೆಗೆ ಬೆಲೆಪಟ್ಟಿ ಇರಲಿಲ್ಲ. ಊರು ಅವನಿಗೆ ಅನ್ನ ನೀಡುತ್ತಿತ್ತು. ಅವನು ಊರಿಗೆ ತನ್ನ ಅರಿವನ್ನು ನೀಡಲು ಬದ್ಧನಾಗಿದ್ದನು. ಉಣಿಸಿದವರಿಗೆ ಕೇಳುವ ಹಕ್ಕಿತ್ತು.

ಭಾರತದ ಉಚ್ಚ ಶಿಕ್ಷಣದಲ್ಲಿ ಆಧ್ಯಾತ್ಮಿಕ ಧ್ಯೇಯ ಉಳಿದಿದೆಯೆ, ಅಳಿದಿದೆಯೆ ಎಂಬ ಚರ್ಚೆ ಏಳೆಂಟು ದಶಕಗಳಿಂದ ನಡೆದೇ ಇದೆ. ಆ ಚರ್ಚೆ ನಡೆದಾಗಲೆಲ್ಲ ವಿದ್ವಾಂಸರು ಪಠ್ಯಪುಸ್ತಕದ ಕಡೆಗೆ ನೋಡುತ್ತಾರೆ: ಗೀತೆಯಿದೆಯೆ, ವಚನವಿದೆಯೆ, ಪ್ರಾರ್ಥನೆಯಿದೆಯೆ, ಇಲ್ಲವೆ ಎಂದು. ಊಟದ ಎಲೆಯ ಕಡೆಗೂ ಶುಲ್ಕದ ರಸೀತಿಯ ಕಡೆಗೂ ನೋಡುವವರು ವಿರಳ. ಆದರೆ ಹರವೆಯಂಥ ಹಳ್ಳಿಯ ಹುಡುಗನ ಪಾಲಿಗೆ ಧ್ಯೇಯವೆಂಬುದು ಮೊದಲು ಕಾಣಿಸಿಕೊಂಡದ್ದು ಅನ್ನದ ರೂಪದಲ್ಲಿಯೇ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಸೀಮೆಯ ಹುಡುಗನೊಬ್ಬನು ಹೈಸ್ಕೂಲು ದಾಟಿ ಕಾಲೇಜಿನ ಮೆಟ್ಟಿಲು ಹತ್ತಬೇಕಾದರೆ ಮೈಸೂರಿಗೇ ಹೋಗಬೇಕಾಗಿತ್ತು. ಕಾಲೇಜಿನ ಶುಲ್ಕವನ್ನು ಒಂದು ಜೊತೆ ಎತ್ತು ಮಾರಿಯಾದರೂ ಕಟ್ಟಬಹುದು. ನಾಲ್ಕು ವರ್ಷ ಎರಡು ಹೊತ್ತಿನ ಊಟ ಎಲ್ಲಿ? ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಸಿಕ್ಕಿದವನು ಭಾಗ್ಯವಂತ, ಐದೇ ಸಿಕ್ಕಿದವನು ಎರಡು ದಿನ ನಲ್ಲಿಯ ನೀರು ಕುಡಿದು ಓದಬೇಕು. ಇತರ ಜಾತಿಗಳ ಹುಡುಗರಿಗೆ ಆ ಏಳು ಮನೆಗಳ ಬಾಗಿಲೂ ತೆರೆದಿರಲಿಲ್ಲ. ಈ ಕೊರತೆಯೇ ಮಠಗಳ ಉಚಿತ ಪ್ರಸಾದನಿಲಯಗಳಿಗೆ ಕಾರಣವಾಯಿತು.

ಹೆಸರನ್ನೇ ನೋಡಬೇಕು. ಅದನ್ನು ಭೋಜನಶಾಲೆಯೆಂದು ಕರೆಯಲಿಲ್ಲ, ವಸತಿಗೃಹವೆಂದು ಕರೆಯಲಿಲ್ಲ; ಪ್ರಸಾದನಿಲಯವೆಂದು ಕರೆದರು. ಪ್ರಸಾದಕ್ಕೆ ಬೆಲೆ ಕಟ್ಟುವಂತಿಲ್ಲ, ಅದನ್ನು ಎಲೆಯಲ್ಲಿ ಬಿಡುವಂತಿಲ್ಲ, ಪಡೆದವನು ತಾನು ಋಣಿಯೆಂಬುದನ್ನು ಮರೆಯುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಹೇಳಿದಾಗ ಅವರ ಮನಸ್ಸಿನಲ್ಲಿ ಬಿ.ಎ. ಪರೀಕ್ಷೆ ಇರಲಿಲ್ಲ. ಆದರೂ ಆ ಮಾತಿಗೆ ಕನ್ನಡನಾಡಿನಲ್ಲಿ ದೊರೆತ ಅತ್ಯಂತ ಸಾರ್ಥಕವಾದ ಅರ್ಥ, ಎಂಟು ನೂರು ವರ್ಷಗಳ ತರುವಾಯ, ಹಸಿದ ವಿದ್ಯಾರ್ಥಿಯ ಮುಂದೆ ಇಟ್ಟ ರಾಗಿಮುದ್ದೆಯೇ ಎಂದರೆ ಅತಿಶಯೋಕ್ತಿಯಾಗದು.

ನಂಜನಗೂಡು ತಾಲ್ಲೂಕಿನ ಸುತ್ತೂರು ಹರವೆಗೆ ದೂರದ ಊರಲ್ಲ. ಕಪಿಲಾ ತೀರದ ಆ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916–1986) ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗೆ ಅನ್ನವನ್ನೂ ಮಲಗಲು ನೆಲೆಯನ್ನೂ ಒದಗಿಸುವ ಕೆಲಸಕ್ಕೆ ಕೈಹಾಕಿದರು. ಶಾಲಾಕಾಲೇಜುಗಳನ್ನು ನಡೆಸುವ ಜೆ.ಎಸ್.ಎಸ್. ಮಹಾವಿದ್ಯಾಪೀಠ ರೂಪುಗೊಂಡದ್ದು 1954ರಲ್ಲಿ. ಇಂಜಿನಿಯರಿಂಗ್ ಕಾಲೇಜು ಬಂದದ್ದು 1963ರಲ್ಲಿ. ಮೊದಲು ಅನ್ನ, ಅನಂತರ ಶಾಲೆ, ಕೊನೆಗೆ ಕಾಲೇಜು: ಈ ಕ್ರಮ ಆಕಸ್ಮಿಕವಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿಯೂ ಹೀಗೆಯೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಯುವಕನೊಬ್ಬನು ವಿರಕ್ತದೀಕ್ಷೆ ಪಡೆದು ಶ್ರೀ ಶಿವಕುಮಾರ ಸ್ವಾಮಿಗಳೆನಿಸಿ, 2019ರಲ್ಲಿ ದೇಹ ಬಿಡುವವರೆಗೆ, ಸಾವಿರಾರು ಮಕ್ಕಳ ಒಲೆ ಆರದಂತೆ ನೋಡಿಕೊಂಡರು. ಪದವಿಯ ಶಿಕ್ಷಣದಿಂದ ಅವರಿಗೆ ದೊರೆತ ಇಂಗ್ಲಿಷೂ ಲೆಕ್ಕವೂ ಸೇರಿದ್ದು ಆ ಒಲೆಯ ಸೇವೆಗೇ.

ಇದು ಹಳೆಯ ಮೈಸೂರಿಗೆ ಮಾತ್ರ ಮೀಸಲಾದ ಕಥೆಯಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಏಳು ಮಂದಿ ಉಪಾಧ್ಯಾಯರನ್ನು ಜನ ಸಪ್ತರ್ಷಿಗಳೆಂದು ಕರೆದರು. ಅವರು ಜಡೆ ಬಿಟ್ಟವರಲ್ಲ, ಕಾವಿ ಉಟ್ಟವರಲ್ಲ. ಸರ್ಕಾರಿ ಉದ್ಯೋಗದ ಆಸೆಯನ್ನು ಬಿಟ್ಟವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಯ ವೇತನದಲ್ಲಿ ಇಪ್ಪತ್ತು ವರ್ಷ ಪಾಠ ಹೇಳುವ ವ್ರತ ತೊಟ್ಟಿದ್ದರು. ವೈರಾಗ್ಯವೆಂಬ ಮಾತು ಗುಹೆಯಿಂದ ಹೊರಬಂದು ಕಾಲೇಜಿನ ಹಾಜರಿಪುಸ್ತಕದ ಪಕ್ಕದಲ್ಲಿ ಕುಳಿತ ಕಾಲವದು.

ವೈರಾಗ್ಯಕ್ಕೂ ವಿಜ್ಞಾನಕ್ಕೂ ನಂಟು ಹಾಕಿದ ಪ್ರಸಂಗವೂ ಒಂದಿದೆ. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು, ಮರುವರ್ಷ ಅಮೆರಿಕೆಗೆ ಹೋಗುವ ಹಡಗಿನಲ್ಲಿ ಜಮಶೇಟಜಿ ಟಾಟಾ ಅವರೊಡನೆ ಮಾತನಾಡಿದ್ದರು. ಐದು ವರ್ಷಗಳಾದ ಮೇಲೆ, 1898ರಲ್ಲಿ, ಟಾಟಾ ಅವರು ಆ ಮಾತುಕತೆಯನ್ನು ನೆನೆದು ಸ್ವಾಮಿಗಳಿಗೆ ಪತ್ರ ಬರೆದರು. ಭಾರತದ ತ್ಯಾಗಬುದ್ಧಿಯನ್ನು ಹಾಳುಮಾಡದೆ ವಿಜ್ಞಾನದ ಸಾಧನೆಗೆ ತಿರುಗಿಸಲು, ಸರಳವಾಗಿ ಬಾಳುವ ಸಾಧಕರ ನಿವಾಸಗಳನ್ನು ಕಟ್ಟಬೇಕೆಂಬುದು ಅದರ ತಾತ್ಪರ್ಯ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಭೂಮಿಯನ್ನು ಮಠಕ್ಕೆ ಉಂಬಳಿ ಬಿಡುವ ರೂಢಿಯುಳ್ಳ ಅರಸುಮನೆತನಕ್ಕೆ ಪ್ರಯೋಗಶಾಲೆಗೆ ಭೂಮಿ ಕೊಡುವುದು ವಿಚಿತ್ರವೆನಿಸಿರಲಾರದು.

1916ರ ಜುಲೈ 27ರಂದು ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ತನ್ನ ಲಾಂಛನಕ್ಕೆ ಗೀತೆಯಿಂದ ಜ್ಞಾನದ ಮಹಿಮೆಯನ್ನು ಸಾರುವ ಮಾತನ್ನು ಆರಿಸಿಕೊಂಡಿತು. ಲಾಂಛನದ ಮಾತು ಕಾಗದದ ಮೇಲೆ ಉಳಿಯುವುದೇ ಹೆಚ್ಚು. ಇಲ್ಲಿ ಕೆಲಕಾಲ ಅದು ಮನುಷ್ಯರ ರೂಪದಲ್ಲಿ ಓಡಾಡಿತು. ವಿವೇಕಾನಂದರ ಸಹಪಾಠಿಯಾಗಿದ್ದ ಬ್ರಜೇಂದ್ರನಾಥ ಶೀಲರು 1920ರಿಂದ 1930ರವರೆಗೆ ಉಪಕುಲಪತಿಗಳಾಗಿದ್ದರು. ಮಹಾರಾಜಾ ಕಾಲೇಜಿನಲ್ಲಿ ಹಿರಿಯಣ್ಣನವರು ಸಂಸ್ಕೃತ ಹೇಳುತ್ತಿದ್ದರು. ಮಾತು ಮಿತ, ಬರಹ ಇನ್ನೂ ಮಿತ, ಆದರೆ 1932ರಲ್ಲಿ ಪ್ರಕಟವಾದ ಅವರ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಗ್ರಂಥವನ್ನು ಇಂದಿಗೂ ಓದುತ್ತಾರೆ. 1918ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ನರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿಯನ್ನು ವಾಚಕರು ಬಲ್ಲರು.

ಕುವೆಂಪು ಅವರ ಸಂಗತಿ ಇನ್ನೂ ಹೃದ್ಯವಾದುದು. ಮಲೆನಾಡಿನಿಂದ ಓದಲು ಬಂದ ತರುಣ, ಮೈಸೂರಿನ ಸಂತೇಪೇಟೆಯ ವಿದ್ಯಾರ್ಥಿನಿಲಯದಲ್ಲಿ ರೋಗಪೀಡಿತನಾದಾಗ, 1926ರಲ್ಲಿ ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮದಲ್ಲಿ ಆಶ್ರಯ ಕೊಟ್ಟರು. ಸುಮಾರು ಹತ್ತು ವರ್ಷ ಆ ಆಶ್ರಮವೇ ಅವರ ಮನೆಯಾಯಿತು. ಮುಂದೆ 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಅವರು ಸ್ನಾತಕೋತ್ತರ ಕೇಂದ್ರಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟರು. ಕಾಲೇಜಿನ ಪಾಠ ಕನ್ನಡದಲ್ಲಿ ನಡೆಯಲೆಂದು ಹಟ ಹಿಡಿದರು. ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ಪರೀಕ್ಷೆಯಲ್ಲಿ ಬಿದ್ದು ಊರಿಗೆ ಮರಳುತ್ತಿದ್ದ ಹಳ್ಳಿಯ ಹುಡುಗರ ಪಾಲಿಗೆ ಅದು ಅನ್ನದಾನಕ್ಕಿಂತ ಕಡಿಮೆಯದಾಗಿರಲಿಲ್ಲ.

ಮೈಸೂರಿನ ಹುಡುಗರು ಗಾಡಿ ಎಳೆದ ಅದೇ ರಾಧಾಕೃಷ್ಣನ್ನರು 1948ರಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. 1949ರ ಅವರ ವರದಿಯಲ್ಲಿ ಧಾರ್ಮಿಕ ಶಿಕ್ಷಣಕ್ಕೇ ಒಂದು ಅಧ್ಯಾಯವಿದೆ. ಪ್ರತಿದಿನದ ಪಾಠ ಕೆಲವು ನಿಮಿಷಗಳ ಮೌನಧ್ಯಾನದಿಂದ ಆರಂಭವಾಗಲಿ. ಮೊದಲ ವರ್ಷ ಮಹಾಪುರುಷರ ಚರಿತ್ರೆ, ಎರಡನೆಯ ವರ್ಷ ಎಲ್ಲ ಮತಗಳ ಗ್ರಂಥಗಳಿಂದ ಆಯ್ದ ಸಾರ್ವತ್ರಿಕ ಭಾಗಗಳು, ಮೂರನೆಯ ವರ್ಷ ಧರ್ಮತತ್ತ್ವದ ವಿಚಾರ, ಹೀಗೆ ಸಾಗಲಿ ಎಂಬುದು ಅದರ ಸಲಹೆ. ಸಂವಿಧಾನದ 28ನೆಯ ಅನುಚ್ಛೇದ ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಮತಬೋಧನೆಯನ್ನು ನಿಷೇಧಿಸಿತು. 1959ರಲ್ಲಿ ಶ್ರೀಪ್ರಕಾಶರ ಸಮಿತಿ, 1964ರಲ್ಲಿ ಕೊಠಾರಿ ಆಯೋಗ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡವು. ಮೌನಧ್ಯಾನದ ಗಂಟೆ ಮಾತ್ರ ಬಹುತೇಕ ಕಾಲೇಜುಗಳಲ್ಲಿ ಬಾರಿಸಲೇ ಇಲ್ಲ.

ಅದಕ್ಕಾಗಿ ಅಷ್ಟಾಗಿ ಮರುಗಬೇಕಾಗಿಲ್ಲ. ಮುಂದಿನ ಕಂತಿಗೆ ಹಣ ಎಲ್ಲಿಂದ ತರಲೆಂದು ಚಿಂತಿಸುವ ವಿದ್ಯಾರ್ಥಿಗೆ ಐದು ನಿಮಿಷದ ಮೌನ ಐದು ನಿಮಿಷದ ಚಿಂತೆಯೇ ಆದೀತು. ನಷ್ಟವಾದದ್ದು ಬೇರೆಡೆಯಲ್ಲಿ, ಅದೂ ಕರ್ನಾಟಕದಲ್ಲಿಯೇ ಮೊದಲು ಎದ್ದು ಕಾಣುವಂತೆ. ಇಂಜಿನಿಯರಿಂಗ್, ವೈದ್ಯಕೀಯ ಸೀಟುಗಳಿಗೆ ಲಕ್ಷಗಟ್ಟಲೆ ಹಣ ಪಡೆಯುವ ಪದ್ಧತಿ ಇಲ್ಲಿ ಎಷ್ಟು ಬೇರೂರಿತೆಂದರೆ, ಪ್ರತಿವ್ಯಕ್ತಿ ಶುಲ್ಕವನ್ನು ನಿಷೇಧಿಸಲು 1984ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಆ ಬಳಿಕವೂ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ದರವಿತ್ತು. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಳು. ಪ್ರತಿವ್ಯಕ್ತಿ ಶುಲ್ಕವೆಂದರೆ ವಿದ್ಯೆಯ ಮಾರಾಟವೇ ಎಂಬ ತೀರ್ಪು 1992ರಲ್ಲಿ ಬಂತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅದನ್ನು ಸಡಿಲಿಸಿ, ಒಂದು ಕ್ರಮಕ್ಕೆ ತಂದಿತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆದು ಹಳ್ಳಿಯ ಎಷ್ಟೋ ಮಕ್ಕಳು ವೈದ್ಯರಾದರು, ಇಂಜಿನಿಯರುಗಳಾದರು. 2002ರ ಇನ್ನೊಂದು ತೀರ್ಪು ಖಾಸಗಿ ಸಂಸ್ಥೆಗಳಿಗೆ ಮತ್ತೆ ಸ್ವಾತಂತ್ರ್ಯ ಕೊಟ್ಟಿತು.

ಇಲ್ಲಿ ಮೊಗಮಾಟವಿಲ್ಲದೆ ಒಂದು ಮಾತು ಹೇಳಬೇಕು. ಪ್ರಸಾದನಿಲಯವನ್ನು ಕಟ್ಟಿದ ಪರಂಪರೆಯವರೇ ಮುಂದೆ ಶುಲ್ಕ ವಸೂಲು ಮಾಡುವ ದೊಡ್ಡ ಕಾಲೇಜುಗಳನ್ನೂ ಕಟ್ಟಿದರು. ದುಬಾರಿ ಕಾಲೇಜಿನ ಆದಾಯದಿಂದ ಹಳ್ಳಿಯ ಉಚಿತ ಶಾಲೆ ನಡೆಯುತ್ತದೆಂಬ ಸಮಾಧಾನವನ್ನು ಅನೇಕರು ಹೇಳುತ್ತಾರೆ. ಕೆಲವೆಡೆ ಅದು ನಿಜವೂ ಹೌದು. ಲೆಕ್ಕವನ್ನು ಭಕ್ತರ ಮುಂದೆ ಬಿಚ್ಚಿಡುವವರಿಗೆ ಆ ಮಾತು ಸಲ್ಲುತ್ತದೆ. ಆದರೆ ಒಂದೇ ಪ್ರಾಕಾರದೊಳಗೆ ಒಂದು ಬಾಗಿಲಿನಲ್ಲಿ ಪ್ರಸಾದ, ಇನ್ನೊಂದು ಬಾಗಿಲಿನಲ್ಲಿ ಹರಾಜು ನಡೆದರೆ, ಯಾವ ಬಾಗಿಲು ಧರ್ಮದ್ದೆಂದು ಒಳಗೆ ಓದುವ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ನೋಡಿಯೇ ಕಲಿಯುತ್ತಾರೆ. ಹಣ ಕೊಟ್ಟು ಕೊಂಡ ಪದವಿಯಿಂದ ಹಣ ತೆಗೆಯುವುದೇ ನ್ಯಾಯವೆಂಬ ತರ್ಕ ಹುಟ್ಟುವುದು ಅಲ್ಲಿ.

ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಅದರ ಕುಂದನ್ನು ಮುಚ್ಚಿಡುವುದೂ ಸಲ್ಲದು. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ವಿದ್ಯಾರ್ಥಿನಿಲಯಗಳು ಬಹುಪಾಲು ಜಾತಿಗೊಂದರಂತೆ ಎದ್ದವು. ಹೊಲದಲ್ಲಿ ದುಡಿದು ರಾಶಿಯನ್ನು ಎಬ್ಬಿಸಿದವರಲ್ಲಿ ಹೊಲಗೇರಿಯವರೇ ಹೆಚ್ಚು. ಆ ರಾಶಿಯಿಂದ ನಡೆದ ಅನ್ನಸತ್ರಗಳ ಪಂಕ್ತಿಯಲ್ಲಿ ಅವರ ಮಕ್ಕಳಿಗೆ ಬಹುಕಾಲ ಎಲೆ ಬೀಳಲಿಲ್ಲ. ಡಾಕ್ಟರ್ ಅಂಬೇಡ್ಕರರು 1945ರಲ್ಲಿ ಜನತಾ ಶಿಕ್ಷಣ ಸಂಘವನ್ನು ಸ್ಥಾಪಿಸಿ, ಮರುವರ್ಷ ಮುಂಬಯಿಯಲ್ಲಿ ತೆರೆದ ಕಾಲೇಜಿಗೆ ಸಿದ್ಧಾರ್ಥನ ಹೆಸರನ್ನಿಟ್ಟದ್ದು, 1950ರಲ್ಲಿ ಔರಂಗಾಬಾದಿನ ಕಾಲೇಜಿಗೆ ಬೌದ್ಧಗ್ರಂಥದ ಪ್ರಶ್ನಶೀಲ ಅರಸ ಮಿಲಿಂದನ ನೆನಪು ತಂದದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಅವರು ಬೇಡಿದ್ದು ಪ್ರಸಾದವನ್ನಲ್ಲ, ಹಕ್ಕನ್ನು. ಚಾಮರಾಜನಗರ ಸೀಮೆಯ ದಲಿತರ ಮನೆಗಳಿಂದ ಪದವೀಧರರು ಹೊರಬಂದದ್ದು ಸರ್ಕಾರದ ವಿದ್ಯಾರ್ಥಿನಿಲಯಗಳಿಂದ, ವಿದ್ಯಾರ್ಥಿವೇತನದಿಂದ. ಋಣಭಾರವಿಲ್ಲದ ಅನ್ನಕ್ಕೆ ಬೇರೊಂದು ಘನತೆಯಿದೆ. ಹಾಗೆ ಓದಿದವರು ಮರಳಿ ಕೇರಿಗೆ ಬಂದು ಸಂಜೆಯ ಶಾಲೆ ನಡೆಸಿದ ನಿದರ್ಶನಗಳು ಈ ಸೀಮೆಯಲ್ಲಿಯೂ ಕಡಿಮೆಯಲ್ಲ.

ಹರವೆಗೆ ಪೂರ್ವದಲ್ಲಿ ಕಾಣುವ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆಯಿತು. ವಿವೇಕಾನಂದರ ವಿಚಾರಗಳಿಂದ ಪ್ರೇರಿತರಾದ ಡಾಕ್ಟರ್ ಸುದರ್ಶನ್ ಅವರು ವೈದ್ಯರಾಗಿ ಬೆಟ್ಟವನ್ನು ಹತ್ತಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಮೊದಲು ಔಷಧ, ಆಮೇಲೆ ಅಕ್ಷರ. ಕಾಡಿನ ಜೇನು, ನೆಲ್ಲಿಕಾಯಿಗಳನ್ನು ನಂಬಿದ್ದ ಸೋಲಿಗರ ಮಕ್ಕಳು ಪದವಿಯವರೆಗೆ ಓದಿದರು. ಡಾಕ್ಟರೇಟ್ ಪಡೆದವರೂ ಇದ್ದಾರೆ. ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಿದಾಗ ಕಾನೂನಿನ ಪುಸ್ತಕವನ್ನು ತಾವೇ ಓದಿ, ನಕ್ಷೆಯನ್ನು ತಾವೇ ಬರೆದು ವಾದಿಸಬಲ್ಲ ಸೋಲಿಗರು ಅಷ್ಟರಲ್ಲಿ ಬೆಳೆದು ನಿಂತಿದ್ದರು. 2011ರಲ್ಲಿ ಅವರ ಸಮುದಾಯಕ್ಕೆ ಅರಣ್ಯದ ಹಕ್ಕುಪತ್ರಗಳು ದೊರೆತವು. ಹುಲಿಯ ಕಾಡಿನೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು.

ಇಂದಿನ ಲೆಕ್ಕಗಳು ದೊಡ್ಡವು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಇಪ್ಪತ್ತರಷ್ಟು ವಿಶ್ವವಿದ್ಯಾನಿಲಯಗಳಿದ್ದವು. 2021–22ರ ಗಣತಿಯಂತೆ ಉಚ್ಚ ಶಿಕ್ಷಣದಲ್ಲಿರುವ ವಿದ್ಯಾರ್ಥಿಗಳೇ 4.33 ಕೋಟಿ. ಆದರೂ ಓದುವ ವಯಸ್ಸಿನ ನೂರು ಮಂದಿಯಲ್ಲಿ ಕಾಲೇಜು ಕಂಡವರು 28, ಕರ್ನಾಟಕದಲ್ಲಿ 36. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠ ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚಿನ ಅತಿಥಿ ಉಪನ್ಯಾಸಕರ ಮೇಲೆ. ಅತಿಥಿಯನ್ನು ದೇವರೆಂದು ಕರೆದ ನಾಡು ಇದು. ಈ ಅತಿಥಿಗಳಿಗೆ ರಜೆಯ ತಿಂಗಳ ಸಂಬಳವಿಲ್ಲ, ಮುಂದಿನ ವರ್ಷದ ಭರವಸೆಯಿಲ್ಲ. ಖಾಯಮಾತಿಗಾಗಿ 2023ರ ಕೊನೆಯಲ್ಲಿ ಅವರು ವಾರಗಟ್ಟಲೆ ಧರಣಿ ಕುಳಿತರು. ಗೋಖಲೆಯವರ 75 ರೂಪಾಯಿ ಸ್ವಂತ ಇಚ್ಛೆಯ ವ್ರತವಾಗಿತ್ತು. ಇನ್ನೊಬ್ಬರು ಹೇರಿದ ಬಡತನವನ್ನು ತ್ಯಾಗವೆಂದು ಕೊಂಡಾಡುವುದು ಕ್ರೌರ್ಯ.

ಚಾಮರಾಜನಗರಕ್ಕೂ 2023ರಲ್ಲಿ ತನ್ನದೇ ವಿಶ್ವವಿದ್ಯಾನಿಲಯ ಬಂದಿತು. ಎರಡೇ ವರ್ಷಗಳಲ್ಲಿ, ಹಣದ ಅಭಾವವೆಂಬ ಕಾರಣದಿಂದ, ಅದನ್ನೂ ಅದರೊಡನೆ ಹುಟ್ಟಿದ ಹಲವನ್ನೂ ಮುಚ್ಚಿ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ ಸೇರಿಸಬೇಕೆಂಬ ಆಲೋಚನೆ 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯಲ್ಲಿ ನಡೆಯಿತು. ಸಾಕಷ್ಟು ಹಣವನ್ನೂ ಅಧ್ಯಾಪಕರನ್ನೂ ಕೊಡದೆ ಫಲಕ ತೂಗುಹಾಕಿದ್ದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೈಸೂರು ಹತ್ತಿರವೇ ಇದೆಯಲ್ಲ ಎಂದು ಹೇಳುವವರು ಹುಡುಗರನ್ನು ಮಾತ್ರ ನೆನೆದು ಹೇಳುತ್ತಾರೆ.

ಈ ಎಲ್ಲ ಅನ್ನದಾನದ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಪಂಕ್ತಿ ಬಹಳ ಚಿಕ್ಕದು. ಹದಿನೇಳನೆಯ ಶತಮಾನದಲ್ಲಿ ಯಳಂದೂರಿನ ಹೊನ್ನಮ್ಮ ಅರಮನೆಯ ಸಂಚಿಯ ಊಳಿಗದಲ್ಲಿದ್ದುಕೊಂಡೇ ಗುರುವಿನಿಂದ ವಿದ್ಯೆ ಪಡೆದು ಕಾವ್ಯ ಬರೆದಳು. ಅವಳಂಥ ಅದೃಷ್ಟ ಇನ್ನೆಷ್ಟು ಮಂದಿಗೆ ಒದಗಿತು? ಚಾಮರಾಜನಗರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಸುಮಾರು 55. ಮಗಳನ್ನು ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ಬಿಟ್ಟುಬರಲು ಒಪ್ಪದ ತಂದೆ, ಜಿಲ್ಲೆಯ ಊರಿಗೆ ಹೋಗಿ ಬರಲು ಒಪ್ಪುತ್ತಾನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೀಟಿನ ಹಣವೂ ಬೇಡ. ಬೆಳಿಗ್ಗೆ ಹಸುವಿನ ಕೆಲಸ ಮುಗಿಸಿ, ಮನೆಯ ಬುತ್ತಿ ಕಟ್ಟಿಕೊಂಡು, ಹರವೆಯಲ್ಲಿ ಬಸ್ಸು ಹತ್ತಿದ ಹುಡುಗಿ ಎಂ.ಎ. ತರಗತಿಯಲ್ಲಿ ಕುಳಿತು ಸಂಜೆಯ ಬಸ್ಸಿಗೆ ಮನೆ ಸೇರಬಲ್ಲಳು. ಆ ತರಗತಿ ಮೈಸೂರಿಗೆ ಹೋದರೆ, ಅವಳು ಅದರ ಹಿಂದೆ ಹೋಗುವುದಿಲ್ಲ.